ಗುದ್ದಲಿ ಪೂಜೆಗೆ ಮೊದಲು ಒಂದೂವರೆ ಗಂಟೆ: ಕೆಲಸ ಎಲ್ಲೆಲ್ಲಿ ಕೆಡಬಹುದೆಂದು ತಂಡವೇ ಮುಂಚೆ ಹುಡುಕುವ ಬಗೆ

ಹೊಸ ಕೆಲಸ ಎತ್ತಿಕೊಳ್ಳುವಾಗ ನಮ್ಮ ಕಡೆ ತೋಟಗಳಲ್ಲಿ ಮೇಸ್ತ್ರಿಗೆ ಬೀಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮಳೆ ಹಿಡಿಯೋದ್ರೊಳಗೆ ಮುಗಿಯುತ್ತಲ್ವಾ?" ಉತ್ತರವೂ ಒಂದೇ: "ಮುಗಿಯುತ್ತೆ ಅಯ್ಯ." ಬೇರೆ ಉತ್ತರಕ್ಕೆ ಆ ಪ್ರಶ್ನೆ ಜಾಗವನ್ನೇ ಬಿಟ್ಟಿಲ್ಲ. ಜಲ್ಲಿ ತುಂಬಿದ ಲಾರಿ ತೋಟದ ಎರಡನೇ ತಿರುವು ಹತ್ತುವುದಿಲ್ಲ ಎಂದು ಮೇಸ್ತ್ರಿಗೆ ಗೊತ್ತಿರುತ್ತದೆ. ವೈಶಾಖದಲ್ಲಿ ಗಾರೆಯವರಲ್ಲಿ ಅರ್ಧ ಜನ ಮದುವೆ ಮನೆಗಳಲ್ಲಿರುತ್ತಾರೆ ಎಂದೂ ಗೊತ್ತಿರುತ್ತದೆ. ಆದರೂ ಹೇಳುವುದಿಲ್ಲ. ಒಳ್ಳೆ ಕೆಲಸ ಶುರುಮಾಡುವಾಗ ಕೆಟ್ಟದ್ದು ನುಡಿದರೆ "ಬಿಡ್ತು ಅನ್ನು" ಎಂದು ಬಾಯಿ ಮುಚ್ಚಿಸುವವರು ಪಕ್ಕದಲ್ಲೇ ಇರುತ್ತಾರೆ.

ತಂಡದ ಒಬ್ಬೊಬ್ಬರ ಹೊಟ್ಟೆಯಲ್ಲೂ ಇರುವ ಇಂಥ ಮಾತನ್ನು ಹೊರಗೆ ತರುವುದಕ್ಕೆ ಒಂದು ಕ್ರಮ ಇದೆ. ಕೆಲಸ ಇನ್ನೂ ಶುರುವಾಗದಿದ್ದರೂ ಅದು ಆಗಲೇ ಕೆಟ್ಟುಹೋಗಿದೆ ಎಂದು ಇಟ್ಟುಕೊಂಡು, ಯಾಕೆ ಕೆಟ್ಟಿತು ಎಂದು ಪ್ರತಿಯೊಬ್ಬರೂ ಮೊದಲು ಬರೆಯಬೇಕು, ಆಮೇಲೆ ಮಾತಾಡಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ಬರೆದ ಲೇಖನವೊಂದರಿಂದ ಇದು ಪ್ರಿಮಾರ್ಟಂ ಎಂಬ ಹೆಸರಿನಲ್ಲಿ ಪ್ರಚಾರಕ್ಕೆ ಬಂತು. ಇದು ಯಾಕೆ ಬೇಕು ಎನ್ನುವುದಕ್ಕೆ ಕಾರಣ ಅದಕ್ಕೂ ಹಳೆಯದು. ಇಂಥದೇ ಹಿಂದಿನ ಕೆಲಸಗಳು ತಡವಾಗಿದ್ದು ಕಣ್ಣೆದುರಿಗೇ ಇದ್ದರೂ, ಈ ಸಲದ ಕೆಲಸಕ್ಕೆ ಕಡಿಮೆ ದಿನ ಸಾಕು ಎಂದೇ ಮನುಷ್ಯರು ಲೆಕ್ಕ ಹಾಕುತ್ತಾರೆ. ಡೇನಿಯಲ್ ಕಾನೆಮನ್ ಮತ್ತು ಏಮೊಸ್ ಟ್ವೆರ್ಸ್ಕಿ 1979ರಲ್ಲೇ ಇದನ್ನು ಗುರುತಿಸಿದ್ದರು.

ಈ ಬರಹದ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಮೂಡಿಗೆರೆ ಅಥವಾ ಸಕಲೇಶಪುರದ ಕಡೆ ಕೆಲವು ಬೆಳೆಗಾರರು ಸೇರಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಒಂದು ಪಲ್ಪಿಂಗ್ ಯೂನಿಟ್ಟು, ಜೊತೆಗೆ ಬೀಜ ಒಣಗಿಸಲು 60 ಅಡಿಗೆ 40 ಅಡಿಯ ಕಾಂಕ್ರೀಟ್ ಕಣ ಮಾಡಿಸಬೇಕೆಂದಿದ್ದಾರೆ. ಅಂದಾಜು 18 ಲಕ್ಷ ರೂಪಾಯಿ. ಈಗ ಫೆಬ್ರವರಿ. ನವೆಂಬರಿನ ಅರೇಬಿಕಾ ಕೊಯ್ಲಿಗೆ ಯಂತ್ರ ತಿರುಗಬೇಕು. ಹೋಂಸ್ಟೇ ಕಟ್ಟುವವರಿಗೂ, ಸೊಸೈಟಿಯ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುವವರಿಗೂ ಕ್ರಮ ಇದೇ, ಚೀಟಿಯಲ್ಲಿ ಬರುವ ವಿಷಯ ಮಾತ್ರ ಬೇರೆ.

ಯಾವಾಗ, ಯಾರು

ಯೋಜನೆ ಕಾಗದದ ಮೇಲೆ ಬಂದಿರಬೇಕು, ಅಡ್ವಾನ್ಸ್ ಇನ್ನೂ ಯಾರ ಕೈಗೂ ಹೋಗಿರಬಾರದು. ಈ ಎರಡರ ನಡುವಿನ ಸಮಯವೇ ಸರಿ. ಅದಕ್ಕೂ ಮುಂಚೆ ಕೂತರೆ "ಯಾವ ತಾರೀಕು, ಯಾವ ಜಾಗ" ಎನ್ನುವುದೇ ಇಲ್ಲದೆ ಮಾತು ಗಾಳಿಯಲ್ಲಿ ಹೋಗುತ್ತದೆ. ಅಡ್ವಾನ್ಸ್ ಕೊಟ್ಟ ಮೇಲೆ ಕೂತರೆ, ಕೊಟ್ಟವರು ತಮ್ಮ ತೀರ್ಮಾನವನ್ನು ಸಮರ್ಥಿಸಿಕೊಳ್ಳುವುದರಲ್ಲೇ ಸಭೆ ಮುಗಿಯುತ್ತದೆ. ಗುದ್ದಲಿ ಪೂಜೆಗೆ ಹತ್ತು ಹದಿನೈದು ದಿನ ಮೊದಲು ಇಟ್ಟುಕೊಳ್ಳಿ. ಪೂಜೆಯ ದಿನವಂತೂ ಬೇಡವೇ ಬೇಡ. ಆವತ್ತು ಅಪಶಕುನದ ಮಾತು ಯಾರಿಗೂ ಹಿಡಿಸುವುದಿಲ್ಲ, ಹಿಡಿಸಲಿ ಎಂದು ಬಯಸುವುದೂ ತಪ್ಪು.

ಆರರಿಂದ ಹತ್ತು ಜನ ಸಾಕು. ಹನ್ನೆರಡು ದಾಟಿದರೆ ಎರಡು ಗುಂಪು ಮಾಡಿ. ಬೆಳೆಗಾರರೇ ತುಂಬಿಕೊಳ್ಳಬೇಡಿ. ಗಾರೆ ಮೇಸ್ತ್ರಿ, ವೈರಿಂಗ್ ಮಾಡುವವರು, ಆಳುಗಳ ಹಾಜರಿ ಬರೆಯುವ ತೋಟದ ರೈಟರು, ಕಣದ ಮೇಲೆ ಕಾಫಿ ಕೆದಕುವ ಹೆಂಗಸರಲ್ಲಿ ಒಬ್ಬರು, ಹಣ್ಣು ಸಾಗಿಸುವ ಪಿಕಪ್‌ನವರು, ಲೆಕ್ಕ ನೋಡುವವರು ಇವರೆಲ್ಲ ಬೇಕು. ಮುಂದೆ ಪೆಟ್ಟು ಬೀಳುವ ಜಾಗ ಮೊದಲು ಕಾಣುವುದು ಇವರಿಗೆ. ದಿನಗೂಲಿಯವರನ್ನು ಕರೆದರೆ ಅರ್ಧ ದಿನದ ಕೂಲಿ ಕೊಟ್ಟೇ ಕೂರಿಸಿ. ಸಭೆಯನ್ನು ಮಾಲೀಕರ ಮನೆಯ ಜಗಲಿಯಲ್ಲಿ ಮಾಡುವುದಕ್ಕಿಂತ ಸೊಸೈಟಿ ಹಾಲಿನಲ್ಲೋ ಶಾಲೆಯ ಕೋಣೆಯಲ್ಲೋ ಮಾಡಿ. ಜಗಲಿಯಲ್ಲಿ ಕೆಲವರು ಕುರ್ಚಿಯ ಮೇಲೆ, ಕೆಲವರು ಮೆಟ್ಟಿಲ ಮೇಲೆ ಕೂತರೆಂದರೆ ಅಲ್ಲಿಗೆ ಮಾತು ನಿಂತ ಹಾಗೆ.

ಸಭೆ ನಡೆಸುವವರು ಹಣ ಹಾಕಿದವರಾಗಿರಬಾರದು. ಊರಿನ ಮೇಷ್ಟ್ರಾದರೂ ಆದೀತು, ಎಲ್ಲರ ಮಾತೂ ಕೇಳುವ ತಾಳ್ಮೆ ಇರಬೇಕು ಅಷ್ಟೆ.

ಸಾಮಾನು ಹೆಚ್ಚೇನೂ ಬೇಡ. ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿದ ಚೀಟಿ ತಲೆಗೆ ಐದು, ಎಲ್ಲರಿಗೂ ಒಂದೇ ಬಣ್ಣದ ಪೆನ್ನು, ಗೋಡೆಗೆ ಅಂಟಿಸಲು ಟೇಪು, ಗಡಿಯಾರ, ಒಂದು ಹಿಡಿ ಕಾಫಿ ಬೀಜ. ಬೀಜ ಯಾಕೆಂದು ಮುಂದೆ ಬರುತ್ತದೆ. ಸಮಯ ಹೀಗೆ ಹಂಚಿ: ಯೋಜನೆ ಓದಲು 10 ನಿಮಿಷ, ಪ್ರಶ್ನೆ ಇಟ್ಟು ಯೋಚಿಸಲು 5, ಬರೆಯಲು 10, ಚೀಟಿ ಓದಲು 25, ಆರಿಸಲು 15, ಪರಿಹಾರಕ್ಕೆ 25. ಒಟ್ಟು 90.

ಪ್ರಶ್ನೆ

ಈ ಕ್ರಮದ ಜೀವ ಇರುವುದು ಪ್ರಶ್ನೆಯಲ್ಲಿ. "ಏನಾದ್ರೂ ತೊಂದರೆ ಆಗಬಹುದಾ?" ಎಂದು ಕೇಳಬೇಡಿ. ಅದಕ್ಕೆ "ಏನಿಲ್ಲ, ನೋಡ್ಕೊಂಡು ಮಾಡೋಣ" ಎಂಬ ಉತ್ತರ ಸಿದ್ಧವಾಗಿದೆ. ಬದಲಿಗೆ ತಾರೀಕು ಹಾಕಿ, ಆಗಿಹೋದ ಸಂಗತಿಯ ಹಾಗೆ ಜೋರಾಗಿ ಓದಿ:

"ಇವತ್ತು ಮುಂದಿನ ವರ್ಷದ ಸಂಕ್ರಾಂತಿ. ನಮ್ಮ ಪಲ್ಪಿಂಗ್ ಯೂನಿಟ್ಟು ಈ ಕೊಯ್ಲಿನಲ್ಲಿ ನಡೀಲಿಲ್ಲ. ಹಣ್ಣನ್ನ ಸಿಕ್ಕ ರೇಟಿಗೆ ಹೊರಗೆ ಮಾರಿದ್ದಾಯ್ತು. ದುಡ್ಡು ಹಾಕಿದವರು ಒಬ್ಬರ ಮುಖ ಒಬ್ಬರು ನೋಡ್ತಿಲ್ಲ. ಏನಾಯ್ತು?"

"ಆಗಬಹುದು" ಎಂದು ಕೇಳಿದಾಗ ಮನಸ್ಸು ಆಗುತ್ತದೋ ಇಲ್ಲವೋ ಎಂಬ ವಾದಕ್ಕೆ ಹೋಗುತ್ತದೆ. "ಆಯಿತು" ಎಂದಾಗ ಕಾರಣ ಹುಡುಕಲು ಹೋಗುತ್ತದೆ. ಆಗಿಹೋಗಿದೆ ಎಂದು ಖಚಿತವಾಗಿ ಇಟ್ಟುಕೊಂಡ ಘಟನೆಗೆ ಜನ ಹೆಚ್ಚು ಕಾರಣ ಕೊಡುತ್ತಾರೆ ಎಂಬುದನ್ನು 1989ರಲ್ಲೇ ಮೂವರು ಸಂಶೋಧಕರು ತೋರಿಸಿದ್ದರು. ಇನ್ನೊಂದು ಲಾಭವೂ ಇದೆ. ಸೋಲನ್ನು ಸಭೆಯೇ ಒಪ್ಪಿಕೊಂಡಿರುವುದರಿಂದ, ಕಾರಣ ಹೇಳಿದವನು ಅಪಶಕುನ ನುಡಿದಂತಾಗುವುದಿಲ್ಲ.

ಚೀಟಿ

ಹತ್ತು ನಿಮಿಷ ಯಾರೂ ಮಾತಾಡಬಾರದು. ಒಂದು ಚೀಟಿಗೆ ಒಂದೇ ಕಾರಣ, ಒಬ್ಬೊಬ್ಬರಿಂದ ಕನಿಷ್ಠ ಮೂರು. ಬರೆಯಲು ಬಾರದವರು ಇದ್ದರೆ ಸಭೆ ನಡೆಸುವವರು ಅವರನ್ನು ಹೊರಗೆ ಕರೆದು ಕೇಳಿ ಬರೆದುಕೊಳ್ಳಲಿ. ಆ ಕೆಲಸ ರೈಟರಿಗೆ ಒಪ್ಪಿಸಬೇಡಿ, ರೈಟರ ಎದುರು ಎಲ್ಲ ಮಾತೂ ಬರುವುದಿಲ್ಲ.

ಮೊದಲು ಬರುವ ಚೀಟಿಗಳು "ಮಳೆ", "ಲೇಬರ್ ಪ್ರಾಬ್ಲಮ್", "ದುಡ್ಡು ಸಾಲಲಿಲ್ಲ" ಎಂದಿರುತ್ತವೆ. ಇವುಗಳಿಂದ ಏನೂ ಮಾಡಲು ಆಗದು. ವಾಪಸು ಕೊಟ್ಟು, ಎಲ್ಲಿ, ಯಾವಾಗ, ಹೇಗೆ ಎಂದು ಸೇರಿಸಲು ಹೇಳಿ. "ಮಳೆ" ಎನ್ನುವ ಚೀಟಿ ತಿದ್ದಿದ ಮೇಲೆ ಹೀಗಾಗುತ್ತದೆ: "ಮೇ ಎರಡನೇ ವಾರ ಕಣಕ್ಕೆ ಕಾಂಕ್ರೀಟ್ ಹಾಕ್ತಿದ್ವಿ. ಮಧ್ಯಾಹ್ನ ಮೂರಕ್ಕೆ ಗುಡುಗು ಮಳೆ ಬಂತು. ಹೊದಿಸೋಕೆ ಟಾರ್ಪಾಲು ಇರಲಿಲ್ಲ. ಮೇಲಿನ ಸಿಮೆಂಟ್ ಹಾಲು ತೊಳ್ಕೊಂಡು ಹೋಯ್ತು." ಈ ಚೀಟಿಯಲ್ಲೇ ಅರ್ಧ ಪರಿಹಾರ ಇದೆ: ಕೆಲಸ ಬೆಳಿಗ್ಗೆ ಮುಗಿಸುವುದು, ಟಾರ್ಪಾಲು ಮೊದಲೇ ತರುವುದು.

"ಮೇಸ್ತ್ರಿ ಕೈಕೊಟ್ಟ" ಎಂಬಂಥ ಚೀಟಿಯೂ ಬರುತ್ತದೆ, ಅದೇ ಮೇಸ್ತ್ರಿ ಎದುರಿಗೇ ಕೂತಿರುತ್ತಾನೆ. ಹೆಸರು ತೆಗೆದು ಸನ್ನಿವೇಶ ಬರೆಸಿ: "ಅದೇ ವಾರ ಮೇಸ್ತ್ರಿಗೆ ಇನ್ನೊಂದು ಕಡೆ ಮೋಲ್ಡ್ ಇತ್ತು. ನಾವು ತಾರೀಕು ಖಚಿತ ಮಾಡಿರಲಿಲ್ಲ, ಅಡ್ವಾನ್ಸ್ ಕೊಟ್ಟಿರಲಿಲ್ಲ." ಈಗ ಅದು ಬೈಗುಳವಲ್ಲ, ಸರಿಪಡಿಸಬಹುದಾದ ವಿಷಯ.

ಓದುವಾಗ ಸುತ್ತಿನಂತೆ ಒಬ್ಬೊಬ್ಬರು ಒಂದೊಂದೇ ಚೀಟಿ ಓದಿ ಗೋಡೆಗೆ ಅಂಟಿಸಬೇಕು. ಅತಿ ಕಡಿಮೆ ಕೂಲಿಯವರಿಂದ ಶುರುವಾಗಲಿ, ಹೆಚ್ಚು ಹಣ ಹಾಕಿದವರು ಕಡೆಗೆ. ಉತ್ತರ ಕೊಡುವ ಹಾಗಿಲ್ಲ. "ಅದೆಲ್ಲ ಆಗಲ್ಲ ಬಿಡ್ರಿ" ಎಂಬ ಒಂದು ಮಾತು ಬಿದ್ದರೆ ಸಾಕು, ಉಳಿದ ಚೀಟಿಗಳು ಜೇಬಿಗೆ ಹೋಗುತ್ತವೆ. ಇದನ್ನು ಶುರುವಿನಲ್ಲೇ ಎಲ್ಲರೆದುರು ಹೇಳಿಬಿಡಿ. ಯಜಮಾನರೇ ಆ ಮಾತಾಡಿದರೂ ತಡೆಯುವ ಅಧಿಕಾರ ಸಭೆ ನಡೆಸುವವರಿಗೆ ಇದೆ ಎಂದು ಅವರಿಂದ ಮುಂಚೆಯೇ ಒಪ್ಪಿಗೆ ಪಡೆದಿರಿ.

ತಂಡದಲ್ಲಿ ಕೆಲವರು ಬೆಂಗಳೂರಿನಲ್ಲಿ ಇದ್ದರೆ, ಅವರ ಚೀಟಿಗಳನ್ನು ವಾಟ್ಸ್ಯಾಪ್ ಗ್ರೂಪಿಗೆ ಹಾಕಿಸಬೇಡಿ. ಮೊದಲ ಸಂದೇಶ ಏನು ಹೇಳುತ್ತದೋ ಉಳಿದವರೂ ಅದನ್ನೇ ಹೇಳುತ್ತಾರೆ. ಸಭೆ ನಡೆಸುವವರ ನಂಬರಿಗೆ ಬೇರೆಬೇರೆಯಾಗಿ ಕಳಿಸಲಿ.

ಆರಿಸುವುದು

ಎಂಟು ಜನರಿದ್ದರೆ ಇಪ್ಪತ್ತು ಮೂವತ್ತು ಚೀಟಿ ಆಗುತ್ತದೆ. ಒಂದೇ ಅರ್ಥದವನ್ನು ಒಟ್ಟಿಗೆ ಸರಿಸಿ. ಮತಕ್ಕೆ ಹೋಗುವ ಮುಂಚೆ ಮೂರು ಬಗೆಯ ಚೀಟಿ ತೆಗೆದು ಬೇರೆ ಇಡಿ: ಜೀವಕ್ಕೆ ಅಪಾಯ ತರುವವು, ಅನುಮತಿ ಇಲ್ಲದೆ ಕೆಲಸವೇ ನಿಲ್ಲುವಂಥವು, ಕೊಟ್ಟ ಹಣ ಮತ್ತೆ ಬರದಂಥವು. ಇವು ಒಬ್ಬರೇ ಬರೆದಿದ್ದರೂ ಪರಿಹಾರ ಬೇಕೇ ಬೇಕು. ಮತಕ್ಕೆ ಹಾಕಿದರೆ ಇವೇ ಮೊದಲು ಬಿದ್ದುಹೋಗುತ್ತವೆ, ಯಾಕೆಂದರೆ ಅಪರೂಪಕ್ಕೆ ಆಗುವುದಕ್ಕೆ ಯಾರೂ ಮತ ಹಾಕುವುದಿಲ್ಲ.

ಉಳಿದ ಚೀಟಿಗಳಿಗೆ ಕಾಫಿ ಬೀಜದ ಮತ. ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಒಬ್ಬೊಬ್ಬರಿಗೆ ಮೂರು ಬೀಜ ಕೊಡಿ. ತಮಗೆ ಹೆಚ್ಚು ಭಯ ಇರುವ ಚೀಟಿಯ ಮೇಲೆ ಇಡಲಿ. ಮೂರನ್ನೂ ಒಂದೇ ಚೀಟಿಗೆ ಇಟ್ಟರೂ ಸರಿ. ಹೆಚ್ಚು ಬೀಜ ಬಿದ್ದ ಐದನ್ನು ಎತ್ತಿಕೊಳ್ಳಿ. ಸಂಭವಕ್ಕೆ ಇಷ್ಟು ಅಂಕ, ನಷ್ಟಕ್ಕೆ ಇಷ್ಟು ಅಂಕ ಎಂದು ಗುಣಿಸುವ ಪಟ್ಟಿಗಳು ದೊಡ್ಡ ಕಂಪನಿಗಳಲ್ಲಿ ಇವೆ. ಈ ಗಾತ್ರದ ಕೆಲಸಕ್ಕೆ ಅವು ಬೇಡ. ಅಂಕ ಕೊಡುವುದರಲ್ಲೇ ಸಮಯ ಹೋಗುತ್ತದೆ, ಪರಿಹಾರಕ್ಕೆ ಉಳಿಯುವುದಿಲ್ಲ.

ಪರಿಹಾರ ಬರೆಯುವುದು

ಹೆಚ್ಚಿನ ತಂಡಗಳು ಸೋಲುವುದು ಇಲ್ಲಿ. ಭಯ ಹೇಳಿಕೊಂಡು ಹಗುರಾಗಿ ಟೀ ಕುಡಿದು ಎದ್ದುಹೋಗುತ್ತಾರೆ. ಪ್ರತಿ ಚೀಟಿಯ ಹಿಂದೆ ಐದು ವಿಷಯ ಬರೆಯದೆ ಸಭೆ ಮುಗಿಸಬೇಡಿ: ಈಗಲೇ ಏನು ಮಾಡುತ್ತೇವೆ, ಕೆಡುತ್ತಿದೆ ಎನ್ನುವ ಮೊದಲ ಗುರುತು ಯಾವುದು, ಅದನ್ನು ಯಾವ ತಾರೀಕಿಗೆ ನೋಡುತ್ತೇವೆ, ನೋಡುವವರು ಯಾರು, ಎಷ್ಟು ಖರ್ಚು. ಹೆಸರು ಒಂದೇ ಇರಬೇಕು. "ಎಲ್ಲರೂ" ಎಂದು ಬರೆದರೆ ಯಾರೂ ಅಲ್ಲ.

ನಮ್ಮ ಉದಾಹರಣೆಯ ಕಣವನ್ನೇ ನೋಡಿ. 60 ಅಡಿಗೆ 40 ಅಡಿ, ದಪ್ಪ ನಾಲ್ಕು ಇಂಚು ಅಂದರೆ 800 ಘನ ಅಡಿ ಕಾಂಕ್ರೀಟು. ಎಂ20 ಮಿಶ್ರಣಕ್ಕೆ ಸುಮಾರು 180 ಚೀಲ ಸಿಮೆಂಟು. ಸಣ್ಣ ಮಿಕ್ಸರ್ ಯಂತ್ರದಲ್ಲಿ ಇದು ಒಂದೇ ದಿನಕ್ಕೆ ಆಗುವ ಕೆಲಸವಲ್ಲ, ಪಟ್ಟಿ ಪಟ್ಟಿಯಾಗಿ ಕೆಲವು ದಿನ ಹಿಡಿಯುತ್ತದೆ. ಮುಂಗಾರು ಜೂನ್ ಮೊದಲ ವಾರದ ಹೊತ್ತಿಗೆ ಬರುತ್ತದೆ. ಆದರೆ ತೊಂದರೆ ಕೊಡುವುದು ಅದಕ್ಕೂ ಮುಂಚಿನ ಮೇ ತಿಂಗಳ ಮಧ್ಯಾಹ್ನದ ಗುಡುಗು ಮಳೆ. ಹಸಿ ಕಾಂಕ್ರೀಟಿನ ಮೇಲೆ ಅದು ಬಿದ್ದರೆ ಮೇಲ್ಮೈ ಪುಡಿಯಾಗಿ ಏಳುತ್ತದೆ. ಆಮೇಲೆ ಪ್ರತಿ ವರ್ಷ ಆ ಪುಡಿ, ಕಲ್ಲಿನ ಚೂರು ಸಿಪ್ಪೆ ಬಿಡಿಸಿ ಒಣಹಾಕಿದ ಕಾಫಿ ಬೀಜದಲ್ಲಿ, ಅಂದರೆ ಪಾರ್ಚ್‌ಮೆಂಟಿನಲ್ಲಿ ಸೇರುತ್ತದೆ. ಗಟ್ಟಿಯಾದ ಮೇಲೆ ಬೀಳುವ ಮಳೆಯಿಂದ ಕಾಂಕ್ರೀಟಿಗೆ ಹಾನಿ ಇಲ್ಲ, ಆದರೆ ಕಚ್ಚಾ ರಸ್ತೆ ಕೆಸರಾಗಿ ಲಾರಿ ಒಳಗೆ ಬರುವುದಿಲ್ಲ.

ಇಲ್ಲೇ ಇನ್ನೊಂದು ಚೀಟಿ ಬಂದು ಕೂಡಿಕೊಳ್ಳುತ್ತದೆ. ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಾದರೆ ಕನಿಷ್ಠ ಹತ್ತು ದಿನ ಕ್ಯೂರಿಂಗ್, ಅಂದರೆ ನೀರುಣಿಸಿ ಒದ್ದೆಯಾಗಿ ಇಡುವುದು, ಬೇಕು. ತೋಟದ ಕೆರೆಯ ನೀರನ್ನು ಫೆಬ್ರವರಿ, ಮಾರ್ಚಿನಲ್ಲಿ ಹೂವಿಗಾಗಿ ಸ್ಪ್ರಿಂಕ್ಲರಿಗೆ ಎತ್ತಿರುತ್ತಾರೆ. ಏಪ್ರಿಲಿನಲ್ಲಿ ಕೆರೆ ತಳ ಕಾಣುತ್ತಿರುತ್ತದೆ. ಗಾರೆಯವರಿಗೆ ಕೆರೆಯ ಲೆಕ್ಕ ಗೊತ್ತಿಲ್ಲ, ಪಂಪ್ ನೋಡುವವನಿಗೆ ಸಿಮೆಂಟಿನ ಲೆಕ್ಕ ಗೊತ್ತಿಲ್ಲ. ಇಬ್ಬರ ಚೀಟಿಯೂ ಒಂದೇ ಗೋಡೆಯ ಮೇಲೆ ಬಿದ್ದಾಗಲೇ ಇದು ಕಾಣುವುದು. ಹಾಗಾಗಿ ಹಿಂದೆ ಹೀಗೆ ಬರೆಯಬೇಕಾಗುತ್ತದೆ: "ಕ್ಯೂರಿಂಗಿಗೆ ಸಿಂಟೆಕ್ಸ್ ಟ್ಯಾಂಕಿನಲ್ಲಿ ನೀರು ಬೇರೆ ಹಿಡಿದಿಡುವುದು. ಪಟ್ಟಿಯ ಮೇಲೆ ಒದ್ದೆ ಗೋಣಿಚೀಲ. ಗುರುತು: ಏಪ್ರಿಲ್ 10ಕ್ಕೆ ಮಣ್ಣು ಸಮ ಮಾಡಿ ಸೋಲಿಂಗ್ ಕಲ್ಲು ಹಾಸಿ ಆಗಿಲ್ಲದಿದ್ದರೆ, ಈ ವರ್ಷ ಅರ್ಧ ಕಣ ಮಾತ್ರ. ಉಳಿದರ್ಧಕ್ಕೆ ಕೊಯ್ಲಿನಲ್ಲಿ ಟಾರ್ಪಾಲು." ಸೋತರೆ ಎಷ್ಟಕ್ಕೆ ನಿಲ್ಲಿಸುತ್ತೇವೆ ಎಂಬುದನ್ನು ತಲೆ ತಣ್ಣಗಿರುವಾಗಲೇ ಬರೆದಿಟ್ಟುಕೊಳ್ಳಬೇಕು. ಮೇ ಕೊನೆಯಲ್ಲಿ, ಮೋಡ ಕಟ್ಟಿಕೊಂಡಾಗ, ಯಾರೂ ಅರ್ಧಕ್ಕೆ ನಿಲ್ಲಿಸಲು ಒಪ್ಪುವುದಿಲ್ಲ.

ಕರೆಂಟಿನ ಚೀಟಿಯೂ ಹೀಗೇ ಬಿಡಿಸಿ ನೋಡಬೇಕಾದದ್ದು. ಯಂತ್ರ ಬಂತು, ಥ್ರೀ ಫೇಸ್ ಬರಲಿಲ್ಲ ಎನ್ನುವುದು ಇದರ ಸಾಮಾನ್ಯ ರೂಪ. ವಿದ್ಯುತ್ ಕಂಪನಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಮೆಸ್ಕಾಂ, ಹಾಸನದಲ್ಲಿ ಸೆಸ್ಕ್. ಅರ್ಜಿ ಯಾವ ಆಫೀಸಿನಲ್ಲಿ, ಎಷ್ಟು ಎಚ್‌ಪಿಗೆ, ಯಾರ ಹೆಸರಿನಲ್ಲಿ ಎಂಬುದು ಯಂತ್ರಕ್ಕೆ ಆರ್ಡರ್ ಕೊಡುವ ಮೊದಲೇ ಇತ್ಯರ್ಥವಾಗಬೇಕು. ಗುರುತು: ಮಂಜೂರಾತಿ ಪತ್ರ ಜುಲೈ ಕೊನೆಗೆ ಫೈಲಿನಲ್ಲಿ ಇದೆಯೋ ಇಲ್ಲವೋ. ಇಲ್ಲದಿದ್ದರೆ ಬಾಡಿಗೆ ಜನರೇಟರಿಗೆ ಆಗಲೇ ಮಾತಾಡಿ, ಕೊಯ್ಲು ಶುರುವಾದ ಮೇಲೆ ಸಿಗುವುದು ಕಷ್ಟ. ಜನರೇಟರಿನ ಗಾತ್ರದಲ್ಲೂ ತಪ್ಪುತ್ತಾರೆ. ಹತ್ತು ಎಚ್‌ಪಿ ಮೋಟಾರೆಂದರೆ ಸುಮಾರು ಏಳೂವರೆ ಕಿಲೋವ್ಯಾಟು, ಹಾಗಾಗಿ ಹತ್ತು ಕೆವಿಎ ಸಾಕೆಂದು ತರುತ್ತಾರೆ. ಕರೆಂಟನ್ನು ನೇರವಾಗಿ ಕೊಡುವ ಡಿಒಎಲ್ ಸ್ಟಾರ್ಟರಿನಲ್ಲಿ ಮೋಟಾರು ಎದ್ದೇಳುವಾಗ ಮಾಮೂಲಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಜನರೇಟರು ಅಲ್ಲೇ ಕೂತುಬಿಡುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರು ಹಾಕಿದರೆ ಆ ಎಳೆತ ಮೂರನೇ ಒಂದಕ್ಕೆ ಇಳಿಯುತ್ತದೆ. ಆದರೂ ಮೋಟಾರಿನ ಎರಡು ಪಟ್ಟಾದರೂ ಸಾಮರ್ಥ್ಯದ ಜನರೇಟರು ನೋಡಿ. ಹಗಲು ಕೊಯ್ದ ಹಣ್ಣನ್ನು ಎಲ್ಲರೂ ಸಂಜೆಯೇ ಪಲ್ಪ್ ಮಾಡುವುದರಿಂದ, ಲೈನಿನಲ್ಲಿ ವೋಲ್ಟೇಜ್ ಬೀಳುವುದೂ ಆ ಹೊತ್ತಿಗೇ.

ಮತಕ್ಕೆ ಹಾಕದೆ ಬೇರೆ ಇಟ್ಟ ಚೀಟಿಗಳಲ್ಲಿ ಇಲ್ಲಿಗೆ ಮುಖ್ಯವಾದವು ಮೂರು. ಪಲ್ಪಿಂಗ್ ನೀರು ಹುಳಿಯಾಗಿರುತ್ತದೆ, ಹಳ್ಳಕ್ಕೆ ಬಿಟ್ಟರೆ ಕೆಳಗಿನವರ ನೀರು ಕೆಡುತ್ತದೆ, ಮೀನು ಸಾಯುತ್ತದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಮತ್ತು ಕೊಳೆನೀರಿನ ಹೊಂಡ ಎರಡೂ ಯಂತ್ರಕ್ಕಿಂತ ಮೊದಲು. ಆ ಹೊಂಡ ತೋಡುವಾಗ ಆಳ ಒಂದೂವರೆ ಮೀಟರ್ ದಾಟಿತೆಂದರೆ ಬದಿಗಳನ್ನು ಇಳಿಜಾರಾಗಿ ಕಡಿಯಬೇಕು, ಇಲ್ಲವೇ ಹಲಗೆ ಆನಿಸಬೇಕು. ಮಲೆನಾಡಿನ ತೇವದ ಮಣ್ಣು ಹೇಳದೆ ಕುಸಿಯುತ್ತದೆ. ಮೂರನೆಯದು ಒದ್ದೆ ನೆಲದಲ್ಲಿ ಮೋಟಾರು. ಸರಿಯಾದ ಅರ್ಥಿಂಗ್, ಕರೆಂಟು ಸೋರಿದರೆ ತಾನೇ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಸ್ವಿಚ್ ಹಾಕಬಾರದು. ಇದರಲ್ಲಿ ಉಳಿತಾಯದ ಮಾತೇ ಬೇಡ.

ಜನರ ವಿಷಯದ ಚೀಟಿಗಳಿಗೆ ಪಂಚಾಂಗವನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಅಸ್ಸಾಮಿನವರು ಕೊಯ್ಲಿಗೆ ಇದ್ದರೆ, ಅವರ ಮಾಘ ಬಿಹು ನಮ್ಮ ಸಂಕ್ರಾಂತಿಯ ಹೊತ್ತಿಗೇ ಬರುತ್ತದೆ, ಅರೇಬಿಕಾ ಕೊಯ್ಲು ಇನ್ನೂ ನಡೆಯುತ್ತಿರುವಾಗ. ದೀಪಾವಳಿ ಆಸುಪಾಸಿನಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ ಹಾಸನದಲ್ಲಿ ಸರ್ಕಾರಿ ನೌಕರರಲ್ಲಿ ಎಷ್ಟೋ ಜನ ಆ ಡ್ಯೂಟಿಯ ಮೇಲೆ ಇರುತ್ತಾರೆ, ಆ ವಾರದಲ್ಲಿ ಇನ್‌ಸ್ಪೆಕ್ಷನ್ ನೆಚ್ಚಿಕೊಳ್ಳಬೇಡಿ. ಮಂಗಳೂರಿನಿಂದ ಬರಬೇಕಾದ ಸಾಮಾನು ಇದ್ದರೆ ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಎರಡನ್ನೂ ನಂಬುವ ಹಾಗಿಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು ಬಂದ್ ಆಗಿದ್ದು ಎಲ್ಲರಿಗೂ ನೆನಪಿದೆ. ಭಾರದ ಸಾಮಾನು ಮೇ ಒಳಗೆ ಮೇಲೆ ಬಂದಿರಲಿ. ಸಂಜೆಯ ಪಲ್ಪಿಂಗ್ ಎಂದರೆ ಕೆಲಸದವರು ಕತ್ತಲಲ್ಲಿ ಮನೆಗೆ ಹೋಗಬೇಕು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ಇರುವಾಗ ಅವರನ್ನು ಜೀಪಿನಲ್ಲಿ ಬಿಟ್ಟುಬರುವ ಖರ್ಚು ಅಂದಾಜಿನಲ್ಲೇ ಸೇರಬೇಕು.

ಎಲ್ಲ ಚೀಟಿಯ ಖರ್ಚು ಕೂಡಿಸಿ. ಟಾರ್ಪಾಲು, ಟ್ಯಾಂಕು, ಸ್ಟಾರ್ಟರು, ಜೀಪು, ಹೆಚ್ಚುವರಿ ಬೆಲ್ಟು ಬೇರಿಂಗು ಸೇರಿ 90 ಸಾವಿರ ಆಯಿತು ಎಂದುಕೊಳ್ಳಿ. ಅದು 18 ಲಕ್ಷದ ಶೇಕಡಾ 5. ಅಂದಾಜನ್ನು 18 ಲಕ್ಷ 90 ಸಾವಿರ ಎಂದೇ ತಿದ್ದಿ, ಆ ಹಣಕ್ಕೂ ಈಗಲೇ ಎಲ್ಲರ ಒಪ್ಪಿಗೆ ಪಡೆಯಿರಿ. "ಆಮೇಲೆ ನೋಡೋಣ" ಎಂದು ಬಿಟ್ಟರೆ ಆ ಚೀಟಿ ಬರೆದದ್ದೂ ಬರೆಯದ್ದೂ ಒಂದೇ.

ಸಭೆಯ ಮೇಲೆ

ಆರಿಸಿದ ಚೀಟಿಗಳನ್ನು ತಾರೀಕಿನ ಪ್ರಕಾರ ಒಂದು ಚಾರ್ಟಿಗೆ ಬರೆದು ಕೆಲಸದ ಜಾಗದಲ್ಲೇ ತೂಗುಹಾಕಿ, ಫೈಲಿನಲ್ಲಿ ಇಟ್ಟರೆ ಅಲ್ಲೇ ಉಳಿಯುತ್ತದೆ. ವಾರದ ಬಟವಾಡೆಯ ದಿನ ಹೇಗೂ ಎಲ್ಲರೂ ಸೇರುತ್ತಾರೆ. ಆವತ್ತು ಹತ್ತು ನಿಮಿಷ ಆ ಚಾರ್ಟಿನ ಮುಂದೆ ನಿಂತು, ಮುಂದಿನ ಎರಡು ವಾರದೊಳಗೆ ಬರುವ ಗುರುತುಗಳನ್ನು ಮಾತ್ರ ನೋಡಿ.

ಮಳೆ ಬಿಟ್ಟ ಮೇಲೆ, ಅಕ್ಟೋಬರಿನಲ್ಲಿ, ಇನ್ನೊಮ್ಮೆ ಅರ್ಧ ಗಂಟೆ ಕೂರಿ. ಆ ಹೊತ್ತಿಗೆ ಕಟ್ಟುವ ಭಯ ಮುಗಿದು ನಡೆಸುವ ಭಯ ಶುರುವಾಗಿರುತ್ತದೆ. ಹಳೆಯ ಚೀಟಿ ಬದಿಗಿಟ್ಟು ಹೊಸದು ಬರೆಸಿ, ಈ ಸಲದ ಪ್ರಶ್ನೆ: "ಯಂತ್ರ ಕೊಯ್ಲಿನ ನಡುವೆ ಮೂರು ದಿನ ನಿಂತಿತ್ತು. ಯಾಕೆ?" ಬೆಲ್ಟ್ ಹರಿಯಿತು, ಫಿಟ್ಟರಿಗೆ ಹತ್ತು ತೋಟಗಳಿಂದ ಫೋನು ಇತ್ತು, ಯಂತ್ರ ಬಿಚ್ಚಿ ಜೋಡಿಸಲು ಬರುವವನು ಒಬ್ಬನೇ ಇದ್ದ, ಅವನಿಗೆ ಜ್ವರ. ಇಂಥ ಚೀಟಿಗಳೇ ಬರುತ್ತವೆ. ಅದಕ್ಕೆ ಬೆಲ್ಟಿನ ನಂಬರನ್ನು ಯಂತ್ರದ ಮೇಲೆ ಪೇಂಟಿನಲ್ಲಿ ಬರೆದು ಎರಡು ಬೆಲ್ಟು ತಂದಿಡಿ, ಇಬ್ಬರಿಗೆ ಯಂತ್ರ ಬಿಚ್ಚಲು ಕಲಿಸಿ. ಮುಖ್ಯ ಕೊಯ್ಲಿಗೆ ಮುಂಚೆ, ಮೊದಲು ಹಣ್ಣಾದವನ್ನಷ್ಟೇ ಆರಿಸಿ ಕೊಯ್ಯುವ ಫ್ಲೈ ಪಿಕಿಂಗಿನ ಅಷ್ಟೂ ಹಣ್ಣನ್ನು ಇದೇ ಯಂತ್ರಕ್ಕೆ ಹಾಕಿ ನೋಡಿ. ಸಿಪ್ಪೆ ಸರಿಯಾಗಿ ಬಿಡದಿದ್ದರೆ, ಬೀಜ ಕತ್ತರಿಸುತ್ತಿದ್ದರೆ, ಹೊಂಡಕ್ಕೆ ಹೋಗುವ ಪೈಪು ಕಟ್ಟಿಕೊಂಡರೆ ಫಿಟ್ಟರಿಗೆ ಬಿಡುವಿರುವ ಆ ವಾರದಲ್ಲೇ ಕರೆಸಿ ಸರಿಮಾಡಿಸಿಕೊಳ್ಳಬಹುದು.